ಐದನೇ ರೂಮಿನ ಬಿಕ್ಕಳಿಕೆ

ಮೂರನೇ ರೂಮಿನ ದಪ್ಪ ಮನುಷ್ಯ ನಿದ್ದೆಯಲ್ಲೇ ಮಗ್ಗುಲು ಬದಲಿಸಿದ. ಒಂದೇ ಸಲಕ್ಕಲ್ಲ, ಕಂತುಕಂತಾಗಿ. ಮೊದಲು ಭುಜ ಎದ್ದು ಗಾಳಿಯಲ್ಲೇ ನಿಂತಿತು. ಆಮೇಲೆ ತಲೆ ದಿಂಬಿನ ಈ ತುದಿಯಿಂದ ಆ ತುದಿಗೆ ಹಾರಿತು. ಕಡೆಗೆ, ಮರೆತದ್ದು ನೆನಪಾದಂತೆ, ಕಾಲುಗಳೂ ಹಿಂದೆಯೇ ಬಂದವು.

ಸ್ಕ್ರೀನಿನ ಮೇಲೆ ಎಂಟು ಚೌಕ, ಎಂಟು ರೂಮು, ಎಲ್ಲವೂ ಬ್ರೌಸರಿನ ಒಂದೇ ಪುಟದಲ್ಲಿ. ಹೊರಗೆ ಕಣ್ಣು ಕುಕ್ಕುವ ಮಧ್ಯಾಹ್ನ. ಒಳಗೆ, ರಾತ್ರಿಪಾಳಿಯವರನ್ನು ಹಗಲು ಮಲಗಿಸಿ ಅವರ ನಿದ್ದೆಯನ್ನು ಪರೀಕ್ಷೆ ಮಾಡುವ ಆ ಆಸ್ಪತ್ರೆಯಲ್ಲಿ, ಕಿಟಕಿಗಳಿಗೆಲ್ಲ ಕಪ್ಪು ಪರದೆ. ಕತ್ತಲಲ್ಲೂ ಕಾಣುವ ಕ್ಯಾಮೆರಾಗಳು ಮಲಗಿದವರಿಗೆಲ್ಲ ಬೂದಿ ಬಳಿದಂತೆ ತೋರಿಸುತ್ತಿದ್ದವು.

"ಇದಕ್ಕೆ ಬಿಕ್ಕಳಿಕೆ ಹತ್ತಿದೆ," ಎಂದರು ಅತ್ತೆ. "ಯಾರು ನೆನೆಸ್ಕೊಳ್ತಿದ್ದಾರೋ ಏನೋ."

ಅಳಿಯ ನಗಲಿಲ್ಲ. ಅತ್ತೆಯ ಪತ್ತೇದಾರಿ ಕಚೇರಿಯಲ್ಲಿ ಕಂಪ್ಯೂಟರಿಗೆ ಸಂಬಂಧಪಟ್ಟದ್ದೆಲ್ಲ ಅವನ ಪಾಲು. ಮದುವೆಯ ಜೊತೆಗೇ ಒದಗಿಬಂದ ಕೆಲಸ ಅದು. ಬೇಡ ಎನ್ನುವ ಧೈರ್ಯ ಅವನಿಗೂ ಇರಲಿಲ್ಲ, ಅವನ ಹೆಂಡತಿಗೂ ಇರಲಿಲ್ಲ.

ನಿನ್ನೆ ಇಷ್ಟು ಹೊತ್ತಿಗೆ ಐದನೇ ರೂಮಿನಲ್ಲಿ ಮಲಗಿದ್ದ ಬೇಕರಿ ಯಜಮಾನರು, ಸ್ಕ್ರೀನಿನ ಮೇಲೆ ಗಾಢ ನಿದ್ದೆಯಲ್ಲಿ ಕಾಣುತ್ತಿರುವಾಗಲೇ, ರೂಮಿನಿಂದ ಮಾಯವಾಗಿದ್ದರು.

"ಇದರಲ್ಲಿ ಪತ್ತೆ ಮಾಡೋಕೆ ಏನೂ ಇಲ್ಲ," ಎಂದರು ಡಾಕ್ಟರು. ಆಸ್ಪತ್ರೆ ಅವರದೇ, ಅದರ ಮರ್ಯಾದೆಯೂ ಅವರದೇ. "ಇವರು ಡ್ಯೂಟಿಯಲ್ಲಿ ನಿದ್ದೆ ಹೋಗಿದ್ರು, ರೋಗಿ ಎದ್ದು ಹೋಗಿದ್ದಾರೆ. ಸಂಜೆ ಇನ್ಸ್‌ಪೆಕ್ಟರ್ ಬರ್ತಾರೆ. ಹಾಗಂತಲೇ ಹೇಳಿಕೆ ಕೊಡ್ತೀನಿ."

ಇವರು ಎಂದದ್ದು ಸ್ಕ್ರೀನಿನ ಮುಂದೆ ಕೂತಿದ್ದ ಹೆಂಗಸನ್ನು. ಎಂಟೂ ಜನರ ಉಸಿರು ಕಾಯುವುದು ಆಕೆಯ ಕೆಲಸ. ಆಸ್ಪತ್ರೆಯಲ್ಲಿ ಎಲ್ಲರೂ ಆಕೆಯನ್ನು ಗೂಬೆ ಎನ್ನುತ್ತಿದ್ದರು. ಆಕೆಗೂ ಬೇಜಾರಿರಲಿಲ್ಲ, ಕಣ್ಣು ಮುಚ್ಚದಿರುವುದಕ್ಕೇ ಸಂಬಳ ಕೊಡುವ ಕಡೆ ಅದು ಬಿರುದಿನ ಹಾಗೆ. ನಿನ್ನೆಯಿಂದ ಮಾತ್ರ ಯಾರೂ ಆ ಹೆಸರು ಹಿಡಿದು ಕರೆದಿರಲಿಲ್ಲ.

"ನಾನು ನಿದ್ದೆ ಹೋಗಿಲ್ಲ ಡಾಕ್ಟ್ರೇ," ಎಂದಳು ಗೂಬೆ. ಆ ಮಾತನ್ನು ಎಷ್ಟು ಸಲ ಹೇಳಿದ್ದಳೋ, ಅದರ ಬಣ್ಣವೆಲ್ಲ ಬಿಟ್ಟುಹೋಗಿತ್ತು. "ಚಿತ್ರ ನಿಂತು ನಿಂತು ಬರ್ತಿತ್ತು, ಆದ್ರೂ ಅವರು ಅಲ್ಲೇ ಇದ್ರು. ಉಸಿರಾಡ್ತಿದ್ರು. ಎಬ್ಬಿಸೋಣ ಅಂತ ಬಾಗಿಲು ತೆಗೆದ್ರೆ ಹಾಸಿಗೆ ಖಾಲಿ. ಮುಟ್ಟಿ ನೋಡಿದೆ. ತಣ್ಣಗಿತ್ತು."

ಕಾರಿಡಾರಿನಿಂದ ತೆಳ್ಳನೆಯ ಸದ್ದೊಂದು ಬಂತು, ಹಾವು ಬುಸುಗುಟ್ಟಿದಂತೆ. ಅಳಿಯ ಬೆಚ್ಚಿದ. ಗೂಬೆ ಸ್ಕ್ರೀನಿನ ಕಡೆ ನೋಡದೆಯೇ ಎದ್ದಳು.

"ಏಳನೇ ರೂಮು. ಮುಖದಿಂದ ಮಾಸ್ಕ್ ಜಾರಿದೆ. ಗಾಳಿ ಸುಮ್ನೆ ಹೊರಗೆ ಹೋಗ್ತಿದೆ."

ಆಕೆ ಹೋದ ಸ್ವಲ್ಪ ಹೊತ್ತಿಗೆ ಸದ್ದು ನಿಂತಿತು. ಏಳನೇ ಚೌಕದಲ್ಲಿ ಬೂದಿ ಬಣ್ಣದ ಕೈಯೊಂದು ಬೂದಿ ಬಣ್ಣದ ಮುಖಕ್ಕೆ ಮಾಸ್ಕ್ ಒತ್ತಿ, ತುಂಡು ತುಂಡಾಗಿ ಮರೆಯಾಯಿತು.

ಮೂಲೆಯ ಕುರ್ಚಿಯಿಂದ ಬಿಕ್ಕಿದ್ದು ಕೇಳಿಸಿತು. ಕೂತಿದ್ದವರು ಬೇಕರಿಯವರ ಹೆಂಡತಿ, ಅತ್ತೆಗೆ ಈ ಕೆಲಸ ಒಪ್ಪಿಸಿದವರು. ಬಾಯಿಗೆ ಕರವಸ್ತ್ರ ಒತ್ತಿಕೊಂಡು, ಹಿಂಡಿ ಎಸೆದ ಬಟ್ಟೆಯಂತೆ ಮುದುಡಿದ್ದರು.

"ಈ ಕಟ್ಟಡದೊಳಗೆ ನಾನು ಕಾಲಿಟ್ಟಿದ್ದೇ ಇವತ್ತು," ಎಂದರು. "ಬಾ ಬಾ ಅಂತ ಕರೀತಿದ್ರು. ಆ ಮಾಸ್ಕ್ ಕಟ್ಕೊಂಡು ಮಲಗಿರೋದನ್ನ ನೋಡೋಕೆ ನನಗೇ ಧೈರ್ಯ ಇರಲಿಲ್ಲ. ಡಾಕ್ಟ್ರೇ, ಮೆಷಿನ್ ಇಲ್ಲದೆ ಅವರು ಮಲಗಿಬಿಟ್ರೆ?"

ಡಾಕ್ಟರು ಕನ್ನಡಕ ತೆಗೆದು ಒರೆಸಿಕೊಂಡರು.

"ನಿದ್ದೆ ಬಂದ ಕೂಡಲೇ ಅವರ ಗಂಟಲು ಮುಚ್ಚಿಹೋಗುತ್ತೆ. ಮೆಷಿನ್ ಗಾಳಿ ಒತ್ತಿದ್ರೆ ಮಾತ್ರ ಉಸಿರು. ನಾನು ನೋಡಿದವರಲ್ಲೆಲ್ಲ ಅವರದ್ದೇ ಕೆಟ್ಟ ಕೇಸು. ಎಚ್ಚರ ಇರೋ ತನಕ ಏನೂ ಭಯ ಇಲ್ಲ."

ಅಂದರೆ ಎಲ್ಲಿದ್ದರೂ ಆ ಮನುಷ್ಯ ಈಗ ಮಾಡಬೇಕಾದ ಕೆಲಸ ಒಂದೇ: ಮಲಗದಿರುವುದು. ರಾತ್ರಿಯಿಡೀ ಒಲೆಯ ಮುಂದೆ ನಿಂತು ಅಭ್ಯಾಸವಾದ ಬೇಕರಿಯವರಾದರೂ, ಅವರೂ ಮನುಷ್ಯರೇ.

ಐದನೇ ಚೌಕದಲ್ಲಿ ಹಾಸಿಗೆ ಖಾಲಿ, ಹೊದಿಕೆ ಮಡಿಸಿಟ್ಟಿದೆ. ಪಕ್ಕದ ಸ್ಟ್ಯಾಂಡಿನಿಂದ ಉಸಿರಿನ ಮೆಷಿನ್ನಿನ ಮಾಸ್ಕ್ ನೇತುಬಿದ್ದು ಎಸಿಯ ಗಾಳಿಗೆ ತೂಗುತ್ತಿತ್ತು. ಬಾಗಿಲಿಗೆ ಪೊಲೀಸರು ಬೆಳಿಗ್ಗೆಯೇ ಸೀಲ್ ಹಾಕಿದ್ದರು. ಒಮ್ಮೆ ಹುಡುಕಿ ಆದ ರೂಮು; ಇನ್ನು ಅಲ್ಲಿ ಯಾರಿಗೂ ಕೆಲಸವಿರಲಿಲ್ಲ.

"ಸರಿ ಅಳಿಯಂದ್ರೆ, ಮೊದಲು ಈ ಬಿಕ್ಕಳಿಕೆ ನಿಲ್ಸಿ. ನೋಡಿ ನೋಡಿ ನನಗೂ ಹತ್ತೋ ಹಾಗಿದೆ," ಎಂದರು ಅತ್ತೆ. ಅಳಿಯನನ್ನು ಬೈಯುವಾಗಲೂ ಬಹುವಚನ ಬಿಡದ ಹೆಂಗಸು ಆಕೆ. "ಇಂಟರ್ನೆಟ್ ಸರಿಯಿಲ್ವಾ?"

"ಎಲ್ಲರೂ ಮೊದಲು ಬೈಯೋದು ಅದನ್ನೇ ಅತ್ತೆ."

ಅವನು ಚೌಕಗಳನ್ನು ಒಂದೊಂದಾಗಿ ಮುಚ್ಚುತ್ತ ಬಂದ. ಮೂರೇ ಉಳಿದಾಗ ಮೂರೂ ನೀರಿನಂತೆ ಹರಿದವು. ಮತ್ತೆ ಒಂದೊಂದಾಗಿ ತೆರೆದ. ಅರ್ಧ ದಾರಿ ದಾಟುವಷ್ಟರಲ್ಲಿ ಎಲ್ಲವೂ ಮತ್ತೆ ಮುಗ್ಗರಿಸತೊಡಗಿದವು. ಆಮೇಲೆ ಪ್ರತಿ ಚಿತ್ರದ ಕೆಳಗೂ ಅದರ ಲೆಕ್ಕ ಕಾಣುವಂತೆ ಮಾಡಿದ: ಎಷ್ಟು ಫ್ರೇಮು ಬಂದವು, ಎಷ್ಟನ್ನು ತೋರಿಸದೆ ಬಿಟ್ಟಿತು. ಬಿಟ್ಟದ್ದರ ಅಂಕಿ ಆಟೋ ಮೀಟರಿನಂತೆ ಓಡುತ್ತಿತ್ತು.

"ಬರೋದೆಲ್ಲ ಸರಿಯಾಗೇ ಬರ್ತಿದೆ," ಎಂದ. "ಈ ಕಂಪ್ಯೂಟರಿಗೆ ಅದನ್ನ ಬಿಡಿಸಿ ತೋರಿಸೋಕೆ ಪುರುಸೊತ್ತಿಲ್ಲ. ಅರ್ಧಕ್ಕರ್ಧ ಕೈಬಿಡ್ತಿದೆ."

"ಎಂಟು ಒಲೆಗೆ ಒಬ್ಬಳೇ ಅಡುಗೆಯವಳು."

"ಹೂಂ. ಆದ್ರೆ ಇದೇ ಕೆಲಸಕ್ಕೆ ಅಂತ ಇನ್ನೊಬ್ಬಳು ಇದ್ದಾಳೆ, ಗ್ರಾಫಿಕ್ಸ್ ಚಿಪ್ಪು. ಅವಳನ್ನ ಯಾರೋ ಸುಮ್ನೆ ಕೂರಿಸಿದ್ದಾರೆ." ಬ್ರೌಸರಿನ ಸೆಟ್ಟಿಂಗ್ ತೆರೆದು ತೋರಿಸಿದ. "ಹಾರ್ಡ್‌ವೇರ್ ಆಕ್ಸಲರೇಶನ್ ಅಂತ ಇದರ ಹೆಸರು. ತಾನಾಗೇ ಆನ್ ಇರುತ್ತೆ. ಇಲ್ಲಿ ಆಫ್ ಆಗಿದೆ."

ಆನ್ ಮಾಡಿ, ಬ್ರೌಸರನ್ನು ಮುಚ್ಚಿ ಮತ್ತೆ ತೆರೆದ. ಎಂಟು ಚೌಕಗಳೂ ಬಂದವು. ಮೂರನೇ ರೂಮಿನ ದಪ್ಪ ಮನುಷ್ಯ ಈ ಸಲ ಒಂದೇ ಉಸಿರಿಗೆ, ಹಡಗಿನಂತೆ, ಮಗ್ಗುಲು ಬದಲಿಸಿದ.

ಅತ್ತೆ ಅವನನ್ನು ನೋಡುತ್ತಿರಲಿಲ್ಲ. ಅಷ್ಟರಲ್ಲಿ ಬಂದು ಕೂತಿದ್ದ ಗೂಬೆಯ ಕೈಬೆರಳುಗಳನ್ನು ನೋಡುತ್ತಿದ್ದರು. ಅವು ಒಂದನ್ನೊಂದು ಹಿಸುಕುತ್ತಿದ್ದವು.

"ಯಾರಮ್ಮ ಆಫ್ ಮಾಡಿದ್ದು?"

"ನಾನೇ."

"ನೋಡಿದ್ರಾ!" ಎಂದರು ಡಾಕ್ಟರು.

"ನೀವು ಸ್ವಲ್ಪ ಸುಮ್ಮನಿರಿ ಡಾಕ್ಟ್ರೇ. ಯಾಕೆ ತಾಯಿ ಆಫ್ ಮಾಡಿದೆ?"

"ಹೋದ ವಾರ ಫೋನ್ ಬಂತು. ಕ್ಯಾಮೆರಾ ಕಂಪನಿಯಿಂದ ಅಂದ್ರು. ಇನ್ನು ಸ್ಕ್ರೀನ್ ಕಪ್ಪಾಗೋ ತೊಂದರೆ ಬರಬಹುದು, ಅಲ್ಲಿ ಒತ್ತಿ, ಇಲ್ಲಿ ಒತ್ತಿ ಅಂತ ಹೇಳ್ತಾ ಹೋದ್ರು. ಒತ್ತಿದೆ. ಅವತ್ತಿಂದಲೇ ಹೀಗೆ ಶುರುವಾಗಿದ್ದು."

"ಮತ್ತೆ ನನಗೆ ಹೇಳಬಾರದಿತ್ತಾ?" ಡಾಕ್ಟರ ದನಿ ಏರಿತು.

"ಹೇಳಿದ್ದೆ ಡಾಕ್ಟ್ರೇ. ಇಂಟರ್ನೆಟ್ಟಿನವರನ್ನ ಕರೆಸು ಅಂದ್ರಿ. ಬಂದ್ರು. ವೈರ್ ಅಲುಗಾಡಿಸಿದ್ರು, ಟೀ ಕುಡಿದ್ರು, ಹೋದ್ರು."

ಡಾಕ್ಟರು ಮತ್ತೆ ಕನ್ನಡಕ ಒರೆಸಿಕೊಂಡರು.

"ಫೋನಲ್ಲಿ ಗಂಡಸೋ ಹೆಂಗಸೋ?" ಅತ್ತೆಯ ದನಿ ಬೆಣ್ಣೆಯಂತಿತ್ತು. ಅಳಿಯನಿಗೆ ಆ ದನಿಯ ಪರಿಚಯವಿತ್ತು. ಅದನ್ನು ಕೇಳಿದವರು ಯಾರೂ ಮುಚ್ಚಿಟ್ಟದ್ದನ್ನು ಮನೆಗೆ ವಾಪಸು ಒಯ್ದವರಲ್ಲ.

"ಗಂಡಸು. ಒಳ್ಳೆ ಮನುಷ್ಯ, ನಿಧಾನವಾಗಿ ಹೇಳ್ತಿದ್ರು. ಆದ್ರೆ..." ಗೂಬೆ ತಡೆದಳು. "ಮಾತಿನ ಮಧ್ಯೆ ನಿಂತುಬಿಡೋರು. ಲೈನ್ ಹೋಯ್ತೇನೋ ಅನ್ಕೊಳ್ತಿದ್ದೆ. ಆಮೇಲೆ ಗೊರ್ ಅಂತ ಉಸಿರೆಳ್ಕೊಂಡು, ಬಿಟ್ಟ ಕಡೆಯಿಂದಲೇ ಮುಂದುವರಿಸೋರು."

ಮಾತಿನ ಮಧ್ಯೆ ನಿದ್ದೆ ಹೋಗುವ ಮನುಷ್ಯ. ಗೊರಕೆಯೊಡನೆ ಎದ್ದು ಮುಂದುವರಿಸುವ ಮನುಷ್ಯ. ಎಲ್ಲರೂ ಐದನೇ ಚೌಕದ ಖಾಲಿ ಹಾಸಿಗೆಯನ್ನೇ ನೋಡಿದರು.

"ನನಗೆ ತಲೆ ಸುತ್ತುತ್ತಿದೆ," ಎಂದರು ಬೇಕರಿಯವರ ಹೆಂಡತಿ. ಎದ್ದು ನಿಂತವರು ಗೋಡೆ ಹಿಡಿದರು. "ನಿನ್ನೆಯಿಂದ ಕಣ್ಣು ಮುಚ್ಚಿಲ್ಲ. ಎಲ್ಲಾದರೂ ಸ್ವಲ್ಪ ಒರಗಿಕೊಳ್ಳಬಹುದಾ?"

"ಆರನೇ ರೂಮು ಖಾಲಿ ಇದೆ," ಎಂದರು ಡಾಕ್ಟರು.

ಗೂಬೆ ಅವರ ತೋಳು ಹಿಡಿದು ನಡೆಸಿಕೊಂಡು ಹೋದಳು. ಆಕೆಯ ಮಾತು ಕಾರಿಡಾರಿನಿಂದ ಕೇಳಿಸುತ್ತಿತ್ತು: "ಬಾತ್‌ರೂಮು ಐದಕ್ಕೂ ಆರಕ್ಕೂ ಒಂದೇ. ಆ ಕಡೆ ಬಾಗಿಲಿಗೆ ಚಿಲಕ ಹಾಕಿದೆ, ತೆಗೀಬೇಡಿ."

ಆರನೇ ಚೌಕದಲ್ಲಿ ಬೂದಿ ಬಣ್ಣದ ಹೆಂಗಸೊಬ್ಬರು ಬಂದು ಮಲಗಿ, ಗದ್ದದವರೆಗೆ ಹೊದ್ದುಕೊಂಡರು. ಎಲ್ಲೂ ತಡೆಯಿಲ್ಲ, ನಯವಾಗಿ.

ತನ್ನ ಕೈಗುಣಕ್ಕೆ ತಾನೇ ಮೆಚ್ಚಿಕೊಂಡು ಅಳಿಯ ಎಂಟೂ ಚೌಕಗಳ ಮೇಲೆ ಕಣ್ಣಾಡಿಸಿದ. ಐದಕ್ಕೆ ಬಂದಾಗ ಕಣ್ಣು ಅಲ್ಲೇ ನಿಂತಿತು.

ಮಾಸ್ಕ್ ಎಡಕ್ಕೆ ತೂಗಿತು. ಅಲ್ಲೇ, ಓರೆಯಾಗಿ, ಗಾಳಿಯಲ್ಲಿ ನಿಂತಿತು. ಆಮೇಲೆ ಒಮ್ಮೆಲೇ ಬಲಕ್ಕೆ ಹಾರಿತು.

"ಅತ್ತೆ."

"ಇದು ವಾಸಿಯಾಗಿಲ್ಲ," ಎಂದರು ಅತ್ತೆ, ಕುರ್ಚಿ ಹತ್ತಿರ ಎಳೆದುಕೊಳ್ಳುತ್ತ.

"ಆಗಿದೆ. ಅದೇ ತೊಂದರೆ. ಲೆಕ್ಕ ನೋಡಿ. ಬಂದ ಫ್ರೇಮೆಲ್ಲ ತೋರಿಸ್ತಿದೆ, ಬಿಟ್ಟದ್ದು ಸೊನ್ನೆ. ಕಂಪ್ಯೂಟರ್ ಒಂದನ್ನೂ ನುಂಗ್ತಿಲ್ಲ. ಆದ್ರೂ ಬಿಕ್ಕುತ್ತಿದೆ."

ಅತ್ತೆ ಮೂಗಿನ ತುದಿ ಸ್ಕ್ರೀನಿಗೆ ತಾಗುವಷ್ಟು ಬಾಗಿದರು. "ಅಂದ್ರೆ ಬಿಕ್ಕಳಿಕೆ ಕಂಪ್ಯೂಟರಿಂದಲ್ಲ, ಚಿತ್ರದ್ದೇ."

"ಇದು ಈಗಿನ ಚಿತ್ರವೇ ಅಲ್ಲ. ಮೊದಲೇ ಯಾವಾಗಲೋ ಇದೇ ಕಂಪ್ಯೂಟರಿನ ಸ್ಕ್ರೀನಿಂದ ರೆಕಾರ್ಡ್ ಮಾಡಿದ್ದು, ಬಿಕ್ಕಳಿಕೆ ಸಮೇತ. ಆ ರೆಕಾರ್ಡನ್ನ ಐದನೇ ಕ್ಯಾಮೆರಾದ ಜಾಗದಲ್ಲಿ ಓಡಿಸ್ತಿದ್ದಾರೆ." ಅವನು ಐದನೇ ಚೌಕದ ಮೇಲೆ ಬೆರಳಿಟ್ಟ. "ಎಂಟೂ ಬಿಕ್ಕುತ್ತಿದ್ರೆ, ರೆಕಾರ್ಡ್ ಮುಗಿದು ಮತ್ತೆ ಶುರುವಾಗೋ ಜಿಗಿತ ಯಾರಿಗೆ ಗೊತ್ತಾಗುತ್ತೆ? ಅದಕ್ಕೇ ಇವರ ಕೈಯಲ್ಲಿ ಆ ಸೆಟ್ಟಿಂಗ್ ಆಫ್ ಮಾಡಿಸಿದ್ದು."

ಬಾಗಿಲಲ್ಲಿ ನಿಂತು ಕೇಳುತ್ತಿದ್ದ ಗೂಬೆ ಚೌಕಟ್ಟು ಹಿಡಿದುಕೊಂಡಳು.

"ನಿನ್ನೆ ನಾನು ಕಾಯ್ತಿದ್ದ ಉಸಿರು..."

"ಹಳೇ ಉಸಿರು ತಾಯಿ. ನೀನು ಕಾದದ್ದರಲ್ಲಿ ತಪ್ಪಿಲ್ಲ." ಅತ್ತೆ ಡಾಕ್ಟರ ಕಡೆ ತಿರುಗಿದರು. "ಈ ಎಂಟೂ ಚಿತ್ರ ಇಲ್ಲಿಗೆ ಎಲ್ಲಿಂದ ಬರೋದು?"

"ಎಲ್ಲ ಕ್ಯಾಮೆರಾನೂ ಒಂದು ಪೆಟ್ಟಿಗೆಗೆ ಬಂದು, ಅಲ್ಲಿಂದ ಬರುತ್ತೆ. ಪೆಟ್ಟಿಗೆ ನನ್ನ ಬೀರುವಿನಲ್ಲಿದೆ. ಬೀಗದ ಕೈ ನನ್ನ ಹತ್ತಿರ ಮಾತ್ರ..." ಹೇಳಿ ಮುಗಿಸುವಷ್ಟರಲ್ಲಿ ತಾವು ಏನು ಹೇಳಿದೆವು ಎಂಬುದು ಡಾಕ್ಟರಿಗೇ ಕೇಳಿಸಿತು.

"ಸಂಜೆ ಹೇಳಿಕೆಯಲ್ಲಿ ಅದನ್ನೂ ಸೇರಿಸಿ."

"ಅಮ್ಮಾ, ದೇವರಾಣೆ ನನಗೇನೂ..."

"ಇರಲಿ. ನನ್ನ ತಲೆ ತಿನ್ನುತ್ತಿರೋದು ಬೇರೆ." ಅತ್ತೆಯ ದನಿಯಲ್ಲಿ ಬೆಣ್ಣೆ ಕರಗಿಹೋಗಿತ್ತು. "ನಿನ್ನೆ ಆ ಮನುಷ್ಯ ಹೋಗಬೇಕಿತ್ತು, ಅದಕ್ಕೆ ಮಲಗಿರೋ ಚಿತ್ರ ಓಡಿಸಿದ್ರು. ಸರಿ. ಇವತ್ತು ರೂಮು ಖಾಲಿ. ಖಾಲಿ ರೂಮಿಗೆ ಖಾಲಿ ರೂಮಿನ ಚಿತ್ರ ಯಾಕೆ ಬೇಕು?"

ಐದನೇ ಚೌಕದಲ್ಲಿ ಮಾಸ್ಕ್ ತೂಗಿತು, ನಿಂತಿತು, ಹಾರಿತು.

"ನಾನು ಕನ್ನಡಕ ಕಳ್ಕೊಂಡಾಗಲೆಲ್ಲ ಅದು ಸಿಗೋದು ಮೊದಲೇ ಹುಡುಕಿದ ಜಾಗದಲ್ಲಿ," ಎಂದರು ಅತ್ತೆ.

"ಸೀಲ್ ಒಡೆಯೋಕೆ ಆಗಲ್ಲ," ಎಂದರು ಡಾಕ್ಟರು ಗಡಿಬಿಡಿಯಿಂದ. "ಪೊಲೀಸರು ಬರಬೇಕು. ನಿಮ್ಮ ಅಳಿಯ ಹೇಳೋದು ನಿಜ ಅಂತ ಏನು ಗ್ಯಾರಂಟಿ?"

ಗ್ಯಾರಂಟಿಯ ದಾರಿ ಅಳಿಯನಿಗೆ ಹೊಳೆಯಿತು. "ಆ ಎಂಟು ರೂಮಿನ ಕರೆಂಟ್ ಒಂದು ನಿಮಿಷ ತೆಗೀರಿ. ಈ ಕಂಪ್ಯೂಟರ್, ನಿಮ್ಮ ಪೆಟ್ಟಿಗೆ ಬೇರೆ ಲೈನಿನಲ್ಲಿವೆ. ಕ್ಯಾಮೆರಾಗಳು ಸಾಯ್ತವೆ. ಸಾಯದೆ ಇರೋದು ಕ್ಯಾಮೆರಾ ಅಲ್ಲ."

"ಮಲಗಿದವರ ಉಸಿರಿನ ಮೆಷಿನ್?"

"ಅವಕ್ಕೆ ಬ್ಯಾಟರಿ ಇದೆ ಅಂತ ನೀವೇ ಬೆಳಿಗ್ಗೆ ಹೆಮ್ಮೆಯಿಂದ ಹೇಳಿದ್ರಲ್ಲ," ಎಂದರು ಅತ್ತೆ.

ಡಾಕ್ಟರು ಗೊಣಗುತ್ತ ಕಾರಿಡಾರಿನ ಸ್ವಿಚ್‌ಬೋರ್ಡಿಗೆ ಹೋದರು. ಟಕ್ ಎಂಬ ಸದ್ದು. ಅಷ್ಟು ಹೊತ್ತೂ ಕೇಳುತ್ತಿದೆ ಎಂದೇ ಗೊತ್ತಿರದಿದ್ದ ಎಸಿಗಳ ಗುಂಯ್‌ಗುಡುವಿಕೆ ನಿಂತು, ಕಟ್ಟಡವೇ ಉಸಿರು ಹಿಡಿದಂತಾಯಿತು.

ಒಂದು ಕಪ್ಪಾಯಿತು. ಎರಡು, ಮೂರು, ನಾಲ್ಕು ಕಪ್ಪಾದವು. ಏಳು, ಎಂಟು ಕಪ್ಪಾದವು.

ಐದು ಕಪ್ಪಾಗಲಿಲ್ಲ. ಎಸಿ ಸತ್ತ ರೂಮಿನಲ್ಲಿ, ಇಲ್ಲದ ಗಾಳಿಗೆ, ಮಾಸ್ಕ್ ತೂಗುತ್ತಲೇ ಇತ್ತು.

"ಅಬ್ಬಾ," ಎಂದ ಅಳಿಯ. ಗೆದ್ದವನ ದನಿಯಂತೇನೂ ಇರಲಿಲ್ಲ ಅದು.

"ಸರ್," ಗೂಬೆ ಅವನ ತೋಳು ಹಿಡಿದಳು. ಹೆಚ್ಚು ನೋಡಿ ಅಭ್ಯಾಸವಾದ ಕಣ್ಣು ಆಕೆಯದು. "ಆರೂ ಕಪ್ಪಾಗಿಲ್ಲ."

ಆರನೇ ಚೌಕದಲ್ಲಿ ಬೇಕರಿಯವರ ಹೆಂಡತಿ ನಿದ್ದೆ ಮಾಡುತ್ತಿದ್ದರು. ಗದ್ದದವರೆಗೆ ಹೊದಿಕೆ, ಬೂದಿ ಬಣ್ಣದ ಶಾಂತ ಮುಖ. ಹೊದಿಕೆಯ ಕೆಳಗೆ ಎದೆ ಏರಿತು. ಏರಿದ್ದು ಏರಿದಂತೆಯೇ ನಿಂತಿತು. ಆಮೇಲೆ ಒಮ್ಮೆಲೇ ಇಳಿದುಹೋಗಿತ್ತು.

ಅಳಿಯ ಲೆಕ್ಕ ನೋಡಿದ. ಬಿಟ್ಟದ್ದು ಸೊನ್ನೆ.

"ಇಷ್ಟರಲ್ಲೇ ರೆಕಾರ್ಡ್ ಮಾಡಿ ಓಡಿಸ್ತಿರಬಹುದಲ್ಲ, ಅಳಿಯಂದ್ರೆ?" ಅತ್ತೆ ಪಿಸುಗುಟ್ಟಿದರು.

"ಆಗಲ್ಲ ಅತ್ತೆ. ಅವರು ಹೋಗಿ ಮಲಗಿದ್ದು ನಾನು ಸರಿ ಮಾಡಿದ ಮೇಲೆ. ಆಮೇಲೆ ರೆಕಾರ್ಡ್ ಮಾಡಿದ್ರೆ ನಯವಾಗಿ ಬರಬೇಕು. ಈ ಬಿಕ್ಕಳಿಕೆ ಅದಕ್ಕೂ ಹಿಂದಿನದು. ಅವರು ಇದೇ ಹಾಸಿಗೆ ಮೇಲೆ ಮೊದಲೇ ಒಂದು ದಿನ ಮಲಗಿದ್ದಾರೆ."

"ನನ್ನ ಡ್ಯೂಟಿಯಲ್ಲಂತೂ ಅಲ್ಲ. ಇವತ್ತೇ ಮೊದಲು ಕಾಲಿಟ್ಟದ್ದು ಅಂತ ದಾರಿಯಲ್ಲಿ ನನಗೂ ಅಂದ್ರಲ್ಲ," ಎಂದಳು ಗೂಬೆ. ಮರುಗಳಿಗೆಗೆ ಆಕೆಯ ಕೈ ಬಾಯಿಗೆ ಹೋಯಿತು. "ಬಾತ್‌ರೂಮು! ನಾನೇ ತೋರಿಸಿಬಂದೆ."

ಅತ್ತೆ ಆಗಲೇ ಬಾಗಿಲಲ್ಲಿದ್ದರು. ಎದುರಿಗೆ ಬಂದ ಡಾಕ್ಟರನ್ನು ಅಂಗಿ ಹಿಡಿದೇ ನಿಲ್ಲಿಸಿದರು.

"ಬೇಕರಿಯವರು ಐದರಲ್ಲೇ ಇದ್ದಾರೆ, ಆ ಖಾಲಿ ಚಿತ್ರ ಅದನ್ನ ಮುಚ್ಚೋಕೇ. ಹೆಂಡತಿ ಬಾತ್‌ರೂಮಿನಿಂದ ಅಲ್ಲಿಗೇ ಹೋಗಿದ್ದಾರೆ. ಅವರು ಮಾಸ್ಕ್ ಕಟ್ಕೊಂಡು ಮಲಗಿರಬಹುದು. ಆ ರೂಮಿನ ಮೆಷಿನ್ನಿಗೂ ಬ್ಯಾಟರಿ ಇದೆ ತಾನೇ?"

ಡಾಕ್ಟರು ಗಕ್ಕನೆ ಐದರ ಬಾಗಿಲ ಕಡೆ ತಿರುಗಿದರು.

"ನಿನ್ನೆ ಸಂಜೆ ಬಿಚ್ಚಿಸಿ ಎರಡನೇ ರೂಮಿನ ಮೆಷಿನ್ನಿಗೆ ಹಾಕಿಸಿದೆ. ಖಾಲಿ ರೂಮಿಗೆ ಯಾಕೆ ಅಂತ..."

ಅಳಿಯ ಓಡಿದ. ರೂಮುಗಳ ಜೊತೆ ದೀಪ ಕಳೆದುಕೊಂಡ ಕಾರಿಡಾರು ಬಾವಿಯಂತೆ ಕತ್ತಲಾಗಿತ್ತು. ಗೋಡೆ ತಡವರಿಸುತ್ತ ಸ್ವಿಚ್‌ಬೋರ್ಡ್ ಹುಡುಕಿ, ಸಿಕ್ಕ ಹಿಡಿಯನ್ನು ಎರಡೂ ಕೈಯ ಬಲ ಹಾಕಿ ಮೇಲಕ್ಕೆತ್ತಿದ. ದೀಪ ಬಂತು. ಎಸಿಗಳು ಒಂದೊಂದಾಗಿ ಗುಂಯ್ ಎಂದವು.

ಐದನೇ ಬಾಗಿಲಿನ ಸೀಲ್ ಹಾಗೇ ಇತ್ತು, ಕೆಂಪು ಅರಗಿನ ಮೇಲೊಂದು ಗೀರೂ ಇಲ್ಲದೆ. ಅದರ ಹಿಂದೆ ಮೆಷಿನ್ನೊಂದು ಕೆಮ್ಮಿ ಎಚ್ಚರಗೊಂಡಿತು.

ಬದುಕಿದೆ ಎಂದುಕೊಂಡು ಅಳಿಯ ಗೋಡೆಗೊರಗಿದ. ಹಿಂದೆಯೇ ಓಡಿಬಂದ ಅತ್ತೆ ಬಾಗಿಲಿಗೆ ಮುಷ್ಟಿ ಎತ್ತಿದರು. ಮುಷ್ಟಿ ಮರಕ್ಕೆ ತಾಗುವ ಮೊದಲೇ ಒಳಗಿನಿಂದ ದನಿ ಬಂತು. ಅಳುವಿನ ಸುಳಿವೂ ಇಲ್ಲದ, ಮಗುವನ್ನು ತೂಗುತ್ತ ಕೂತವರ ದನಿ.

"ಸದ್ದು ಮಾಡಬೇಡಿ. ಈಗ ತಾನೇ ನಿದ್ದೆ ಹತ್ತಿದೆ ಅವರಿಗೆ."

ಆ ದನಿಯ ಕೆಳಗೆ ಇನ್ನೊಂದು ಸದ್ದಿತ್ತು. ತೆಳ್ಳಗೆ, ಎಡೆಬಿಡದೆ, ಹಾವು ಬುಸುಗುಟ್ಟಿದಂತೆ.

ಅದನ್ನು ಮೊದಲು ಗುರುತಿಸಿದವಳು ಗೂಬೆ. ಡಾಕ್ಟರನ್ನು ಪಕ್ಕಕ್ಕೆ ತಳ್ಳಿ, ಸೀಲಿನ ಮೇಲೆಯೇ ಭುಜ ಕೊಟ್ಟು ಬಾಗಿಲಿಗೆ ಅಪ್ಪಳಿಸಿದಳು.

"ಮಾಸ್ಕ್ ಮುಖದ ಮೇಲಿಲ್ಲ!"